ಹಾಸನದಲ್ಲಿ ವಿಚ್ಛೇದನದ ಕೇಸಿಗೆ ವಕೀಲರನ್ನ ಗೊತ್ತು ಮಾಡೋದು ಹೇಗೆ? ಹೆಸರು ಬೇಡ, ಏನು ನೋಡಬೇಕು ಅಂತ ಹೇಳಿ

ಯಗಚಿ_ದಂಡೆ
ತಂಗಿಯ ವಿಷಯ. ಮದುವೆ ಆಗಿದ್ದು ಸಕಲೇಶಪುರದಲ್ಲಿ, ಸಂಸಾರ ಮಾಡಿದ್ದು ಬೆಂಗಳೂರಲ್ಲಿ. ಒಂದೂವರೆ ವರ್ಷದಿಂದ ಹಾಸನದ ತವರುಮನೆಯಲ್ಲಿದಾಳೆ, ಜೊತೆಗೆ ಆರು ವರ್ಷದ ಮಗು. ಗಂಡನಿಗೆ ಬೆಂಗಳೂರಲ್ಲಿ ಕೆಲಸ, ಊರ ಕಡೆ ಅವರಪ್ಪನ ಹೆಸರಲ್ಲಿ ಕಾಫಿ ತೋಟ. ಒಪ್ಪಿಗೆ ವಿಚ್ಛೇದನಕ್ಕೆ ಎರಡೂ ಕಡೆಯವರು ಬಾಯಲ್ಲಿ ಹೂಂ ಅಂತಿದಾರೆ, ದುಡ್ಡಿನ ಮಾತು ಬಂದಾಗ ಮುರಿದು ಬೀಳ್ತಿದೆ. ನೆಂಟರಲ್ಲಿ ಒಬ್ಬೊಬ್ಬರು ಒಬ್ಬೊಬ್ಬ ಲಾಯರ್ ಹೆಸರು ಹೇಳ್ತಿದಾರೆ. ವಕೀಲರ ಎದುರು ಕೂತಾಗ ಏನು ಕೇಳಬೇಕು, ಫೀಸು ಹೇಗೆ ಮಾತಾಡಬೇಕು, ಯಾವುದಕ್ಕೆ ಸಹಿ ಹಾಕಬಾರದು, ಇಷ್ಟು ತಿಳಿದರೆ ಸಾಕು. ಹಾಸನದವರನ್ನೇ ಹಿಡೀಬೇಕಾ, ಬೆಂಗಳೂರಿನವರನ್ನಾ?

ನಿರ್ವಾಹಕ
ವಕೀಲರ ಹೆಸರು, ಫೋನ್ ನಂಬರ್ ಇರೋ ಉತ್ತರಗಳನ್ನ ಅಳಿಸ್ತೀವಿ. ದಯವಿಟ್ಟು ಹಾಕಬೇಡಿ.

ಕಪ್ಪುಕೋಟು
ಮೊದಲು ಯಾವ ಊರಲ್ಲಿ ಕೇಸು ಅನ್ನೋದು ತೀರ್ಮಾನ ಆಗಲಿ, ವಕೀಲರು ಆಮೇಲೆ. ಹಿಂದೂ ವಿವಾಹ ಕಾಯ್ದೆ 1955ರ 19ನೇ ಕಲಂ ಪ್ರಕಾರ ಮದುವೆ ನಡೆದ ಊರು, ಎದುರುದಾರ ವಾಸ ಇರೋ ಊರು, ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು, ಇದರಲ್ಲಿ ಎಲ್ಲಾದರೂ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯಿಂದ ಹೆಂಡತಿ ಅರ್ಜಿದಾರಳಾದರೆ ಅವಳು ಈಗಿರೋ ಊರಲ್ಲೂ ಹಾಕಬಹುದು. ಅಂದರೆ ನಿಮ್ಮ ತಂಗಿಗೆ ಹಾಸನದ ಕೌಟುಂಬಿಕ ನ್ಯಾಯಾಲಯ ಧಾರಾಳವಾಗಿ ಸಿಗುತ್ತೆ. ಮಗುವಿನ ಪಾಲನೆಯ ಅರ್ಜಿ ಬೇರೆಯಾಗಿ ಹಾಕಿದರೂ ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಅಲ್ಲಿನ ಕೋರ್ಟೇ. ಜೀವನಾಂಶಕ್ಕೂ ಹೆಂಡತಿ ವಾಸ ಇರೋ ಊರು ಸಾಕು.

ಇಲ್ಲಿ ಒಂದು ತೊಡಕಿದೆ. ಅವನೇ ಮೊದಲು ಬೆಂಗಳೂರಲ್ಲಿ ವಿಚ್ಛೇದನಕ್ಕೆ ಹಾಕಿಬಿಟ್ಟರೆ, ಆಮೇಲೆ ಇವಳು ಹಾಸನದಲ್ಲಿ ಹಾಕಿದ್ದು 21ಎ ಕಲಂ ಪ್ರಕಾರ ಮೊದಲು ದಾಖಲಾದ ಕೋರ್ಟಿಗೇ ಹೋಗುತ್ತೆ. ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಅಡಿ ಹೈಕೋರ್ಟಲ್ಲಿ ವರ್ಗಾವಣೆ ಅರ್ಜಿ ಹಾಕಿ ಕೇಸನ್ನ ಹಾಸನಕ್ಕೆ ತರಿಸಿಕೊಳ್ಳಬೇಕು. ಚಿಕ್ಕ ಮಗು, ಸಂಪಾದನೆ ಇಲ್ಲದಿರೋದು, ಓಡಾಟದ ಕಷ್ಟ ಇವನ್ನ ಕೋರ್ಟು ಗಮನಿಸುತ್ತೆ. ಆದರೆ ಅದಕ್ಕೆ ಬೇರೆ ವಕೀಲರು, ಬೇರೆ ಫೀಸು, ಕೆಲವು ತಿಂಗಳು. ವಕೀಲರನ್ನ ಮೊದಲ ಸಲ ಭೇಟಿ ಮಾಡಿದಾಗ ಇದನ್ನೇ ಕೇಳಿ ನೋಡಿ: "ಅವರು ಮೊದಲು ಬೆಂಗಳೂರಲ್ಲಿ ಹಾಕಿದರೆ ಏನು ಮಾಡ್ತೀರಿ?" ದಿನಾ ಇದೇ ಕೆಲಸ ಮಾಡೋರು ತಡವರಿಸದೆ ಉತ್ತರ ಕೊಡ್ತಾರೆ.

ಕೇಸು ಹಾಸನದಲ್ಲಿ ನಡೆಯೋದಾದರೆ ಹಾಸನದ ವಕೀಲರೇ ಇರಲಿ. ಬೆಂಗಳೂರಿನವರು ತಿಂಗಳಿಗೊಂದು ತಾರೀಖಿಗೆ ಬರ್ತೀನಿ ಅಂದರೂ ನಾಲ್ಕನೇ ತಾರೀಖಿನ ಹೊತ್ತಿಗೆ ಸ್ಥಳೀಯ ಜೂನಿಯರ್ ಕೈಲಿ ಫೈಲ್ ಇರುತ್ತೆ. ಅವರಿಗೆ ಕೇಸೇ ಗೊತ್ತಿರಲ್ಲ.

ಅರಸೀಕೆರೆ_ಜಂಕ್ಷನ್
ತಾಲ್ಲೂಕಿನವರಿಗೆ ಒಂದು ಮಾತು ಸೇರಿಸ್ತೀನಿ. ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಲ್ಲೇ ಎಂ.ಸಿ. ಕೇಸು (ವಿಚ್ಛೇದನದಂಥ ಮದುವೆ ವ್ಯಾಜ್ಯ) ನಡೆಯೋ ತಾಲ್ಲೂಕುಗಳಿವೆ. ತಾಲ್ಲೂಕಿನ ವಕೀಲರನ್ನ ಗೊತ್ತು ಮಾಡಿ, ಆಮೇಲೆ ಅರ್ಜಿ ಜಿಲ್ಲಾ ಕೇಂದ್ರದಲ್ಲಿ ಹಾಕಬೇಕು ಅಂತಾದರೆ ಪೇಚು. ಫೈಲಿಂಗ್ ಕೌಂಟರಲ್ಲಿ ಒಂದು ಮಾತು ಕೇಳಿದರೆ ಮುಗೀತು.

ನಿವೃತ್ತ_ಶಿರಸ್ತೇದಾರ್
ವಕೀಲರನ್ನ ನೋಡೋಕೆ ಕೋರ್ಟ್ ಹಾಲಲ್ಲಿ ಕೂತು ಬನ್ನಿ ಅಂತ ಹೇಳೋರಿದಾರೆ. ಕೌಟುಂಬಿಕ ನ್ಯಾಯಾಲಯದಲ್ಲಿ ಅದು ನಡೆಯಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಪ್ರಕಾರ ವಿಚಾರಣೆ ಗೋಪ್ಯ, ಹೊರಗಿನವರನ್ನ ಬಿಡಲ್ಲ.

ಅದರ ಬದಲು ಇ-ಕೋರ್ಟ್ಸ್ ಆ್ಯಪ್ ತೆಗೀರಿ. ಕೇಸ್ ಸ್ಟೇಟಸ್‌ನಲ್ಲಿ ಅಡ್ವೊಕೇಟ್ ಅಂತ ಆಯ್ಕೆ ಇದೆ. ಹೆಸರು ಹಾಕಿ ಹುಡುಕಬಹುದು, ಆದರೆ ಒಬ್ಬರದೇ ಹೆಸರನ್ನ ಇನಿಶಿಯಲ್ ಮುಂದೆ, ಇನಿಶಿಯಲ್ ಹಿಂದೆ ಅಂತ ನಾಲ್ಕು ಥರ ಟೈಪ್ ಮಾಡಿರ್ತಾರೆ. ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಸಿಕ್ಕರೆ ಅದರಲ್ಲಿ ಹುಡುಕಿ. ಕರ್ನಾಟಕದವರದ್ದು ಕೆ.ಎ.ಆರ್. ಅಂತ ಶುರುವಾಗಿ ಸಂಖ್ಯೆ, ವರ್ಷ ಇರುತ್ತೆ. ವಕಾಲತ್ತು (ನಮ್ಮ ಪರ ಕೇಸು ನಡೆಸೋಕೆ ವಕೀಲರಿಗೆ ಅಧಿಕಾರ ಕೊಡೋ) ಫಾರಂ ಮೇಲೂ ಬರೆದಿರ್ತಾರೆ. ಅಲ್ಲಿ ನೋಡಬೇಕಾದ್ದು ಎರಡೇ. ಒಂದು, ಎಂ.ಸಿ. ಕೇಸುಗಳು ಎಷ್ಟಿವೆ. ಪೂರ್ತಿ ಚೆಕ್ ಬೌನ್ಸ್, ಮೋಟಾರು ಅಪಘಾತದ ಕೇಸುಗಳೇ ತುಂಬಿದ್ದರೆ ಅವರ ದಿನ ಬೇರೆ ಹಾಲಲ್ಲಿ ಕಳೆಯುತ್ತೆ, ನಿಮ್ಮ ಕೇಸು ಕೂಗಿದಾಗ ಅಲ್ಲಿರಲ್ಲ. ಎರಡು, ಮುಗಿದ ಎಂ.ಸಿ. ಕೇಸುಗಳು ಹೇಗೆ ಮುಗಿದವು: ರಾಜಿಯಲ್ಲಾ, ಪೂರ್ತಿ ವಿಚಾರಣೆ ನಡೆದಾ, ಗೈರುಹಾಜರಿಯಿಂದ ವಜಾ ಆಗಿದ್ದಾ. ಗೈರುಹಾಜರಿಯಿಂದ ವಜಾ ಆದವು ಸಾಲಾಗಿ ಕಂಡರೆ ಬಿಟ್ಟುಬಿಡಿ. ಇವರು ಎಷ್ಟು ಕೇಸು "ಗೆದ್ದಿದಾರೆ" ಅಂತ ಅದರಲ್ಲಿ ಹುಡುಕೋಕೆ ಹೋಗಬೇಡಿ. ಮನೆತನದ ಕೇಸಲ್ಲಿ ಒಳ್ಳೇ ರಾಜಿಯೇ ಎಷ್ಟೋ ಸಲ ಗೆಲುವು.

ಮೂಡಿಗೆರೆ_ಮಳೆ
ನಮ್ಮ ಕಡೆ ಇನ್ನೊಂದು ದೊಡ್ಡ ಸಮಸ್ಯೆ ಇದೆ, ಬೆಂಗಳೂರಿನವರಿಗೆ ಇದು ಅರ್ಥ ಆಗಲ್ಲ. ಊರು ಚಿಕ್ಕದು. ತೋಟದ ಮನೆತನಗಳಿಗೆಲ್ಲ ಎರಡು ತಲೆಮಾರಿನಿಂದ ಒಬ್ಬ ವಕೀಲರು ಇರ್ತಾರೆ. ಪಾಲುಪಟ್ಟಿ, ಒತ್ತುವರಿ, ಬ್ಯಾಂಕಿನ ಕೇಸು ಎಲ್ಲ ಅವರೇ. ನೀವು ಹೋಗಿ ಕೂರೋ ಆಫೀಸಲ್ಲೇ ನಿಮ್ಮ ಬೀಗರ ಫೈಲೂ ಇರಬಹುದು, ಇಲ್ಲಾ ಇವರ ಸೀನಿಯರ್ ಅವರ ಕಡೆಯವರಾಗಿರಬಹುದು. ಹಾಗಾಗಿ ಕಥೆ ಹೇಳೋಕೆ ಮುಂಚೆ ಎದುರು ಕಡೆಯವರ ಹೆಸರು, ಮನೆತನ, ಊರು ಹೇಳಿ, "ಇವರ ಯಾವುದಾದರೂ ಕೇಸು ನಿಮ್ಮ ಆಫೀಸಲ್ಲಿ ಇದೆಯಾ, ಇತ್ತಾ?" ಅಂತ ಕೇಳಿ. ಪೂರ್ತಿ ಕಥೆ ಹೇಳಿದ ಮೇಲೆ ಕೇಳಿ ಏನು ಪ್ರಯೋಜನ?

ಕಪ್ಪುಕೋಟು
ಇದು ತುಂಬಾ ಸರಿ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಒಂದೇ ವ್ಯಾಜ್ಯದಲ್ಲಿ ಒಬ್ಬರಿಗೆ ಸಲಹೆ ಕೊಟ್ಟವರು ಎದುರು ಕಡೆಗೆ ನಿಲ್ಲೋ ಹಾಗಿಲ್ಲ. ಆದರೆ ಬೇರೆ ವ್ಯಾಜ್ಯದಲ್ಲಿ ಹಳೇ ಕಕ್ಷಿದಾರ ಅನ್ನೋದಕ್ಕೆ ಈ ನಿಯಮ ನೇರವಾಗಿ ತಾಗಲ್ಲ. ಮುಲಾಜು ಮಾತ್ರ ತಾಗುತ್ತೆ. ತೋಟದ ಆದಾಯ ಕೆದಕಬೇಕಾದ ಕೇಸಲ್ಲಿ ಆ ಮುಲಾಜಿಂದ ನಷ್ಟ ಆಗೋದು ನಿಮಗೆ. ಬೇಲೂರು, ಸಕಲೇಶಪುರ ಕಡೆಯ ಪಾರ್ಟಿಗಳು ಚಿಕ್ಕಮಗಳೂರಿನ ವಕೀಲರನ್ನ, ಅಲ್ಲಿಯವರು ಹಾಸನದವರನ್ನ ಹುಡುಕೋದು ಸುಮ್ಮನೆ ಅಲ್ಲ.

ಒಣಗಿದ_ಬಾಳೆಎಲೆ
ವಕೀಲರೇ ಯಾಕೆ ಬೇಕು? ಕೌಟುಂಬಿಕ ನ್ಯಾಯಾಲಯದಲ್ಲಿ ಲಾಯರ್‌ಗೆ ಅವಕಾಶವೇ ಇಲ್ಲ ಅಂತ ಕಾಯ್ದೆಯಲ್ಲೇ ಇದೆ.

ನಿವೃತ್ತ_ಶಿರಸ್ತೇದಾರ್
ಅರ್ಧ ಸರಿ. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ 1984ರ 13ನೇ ಕಲಂ ಹೇಳೋದು, ವಕೀಲರನ್ನ ಇಟ್ಟುಕೊಳ್ಳೋದು ಹಕ್ಕಲ್ಲ ಅಂತ. ನಿಷೇಧ ಅಂತ ಹೇಳಲ್ಲ. ವಕಾಲತ್ತಿನ ಜೊತೆಗೆ ಅನುಮತಿ ಕೋರಿ ಒಂದು ಮಧ್ಯಂತರ ಅರ್ಜಿ ಹಾಕ್ತಾರೆ, ಕೋರ್ಟು ಅನುಮತಿ ಕೊಡುತ್ತೆ. ಒಪ್ಪಿಗೆ ವಿಚ್ಛೇದನ, ಲೇವಾದೇವಿ ಏನೂ ಇಲ್ಲ, ಮಕ್ಕಳಿಲ್ಲ ಅಂದರೆ ಸ್ವತಃ ನಡೆಸಬಹುದು. ಪಾಟಿ ಸವಾಲಿನವರೆಗೆ (ಸಾಕ್ಷಿಯನ್ನ ಎದುರು ಕಡೆಯ ವಕೀಲರು ಪ್ರಶ್ನಿಸೋದು) ಹೋಗೋ ಕೇಸಲ್ಲಿ ಆ ಸಾಹಸ ಬೇಡ.

ಯಗಚಿ_ದಂಡೆ
ಫೀಸಿನ ಬಗ್ಗೆ? ಒಬ್ಬರು "ಬಂದ ದುಡ್ಡಲ್ಲಿ ಹತ್ತು ಪರ್ಸೆಂಟ್ ಕೊಡಿ, ಈಗ ಏನೂ ಬೇಡ" ಅಂದರು. ಮನೆಯಲ್ಲಿ ಎಲ್ಲರಿಗೂ ಅದೇ ಇಷ್ಟ ಆಗಿದೆ.

ಕಪ್ಪುಕೋಟು
ಕೈ ಮುಗಿದು ಎದ್ದು ಬನ್ನಿ. ಫಲಿತಾಂಶದ ಮೇಲೆ ಫೀಸು, ಬಂದ ಹಣದಲ್ಲಿ ಪಾಲು, ಎರಡನ್ನೂ ವಕೀಲರ ಪರಿಷತ್ತಿನ 20ನೇ ನಿಯಮ ನಿಷೇಧಿಸುತ್ತೆ. ಇಂಥ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ ಅಂತ ಸುಪ್ರೀಂ ಕೋರ್ಟು 2017ರ ಡಿಸೆಂಬರಲ್ಲಿ ಬಿ. ಸುನೀತಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಕಾನೂನು ಹಾಗಿರಲಿ, ಲೆಕ್ಕ ನೋಡಿ: ಪಾಲಿನ ಮೇಲೆ ಕೂತಿರೋ ವಕೀಲರಿಗೆ ಒಂದೇ ಗಂಟಲ್ಲಿ ದುಡ್ಡು ಬರೋ ರಾಜಿ ಬೇಕು. ಮಗುವಿಗೆ ತಿಂಗಳು ತಿಂಗಳು ಬರೋ ಜೀವನಾಂಶ, ಶಾಲೆ ಫೀಸು, ಭೇಟಿಯ ದಿನ ಇವುಗಳಲ್ಲಿ ಅವರಿಗೆ ಪರ್ಸೆಂಟ್ ಇಲ್ಲ.

ಫೀಸನ್ನ ಹಂತವಾರು ಮಾತಾಡಿ. ಎಂ.ಸಿ. ಕೇಸಿಗೆ ಹಂತಗಳು ಇವು: ಅರ್ಜಿ ಬರೆದು ದಾಖಲು ಮಾಡೋದು, ನೋಟಿಸ್ ಜಾರಿ, ಮಧ್ಯಸ್ಥಿಕೆ, ಮಧ್ಯಂತರ ಜೀವನಾಂಶದ ಅರ್ಜಿ, ತಕರಾರು ಬಂದಮೇಲೆ ವಿಚಾರಣಾಂಶಗಳು (ಕೋರ್ಟು ತೀರ್ಮಾನ ಮಾಡಬೇಕಾದ ಪ್ರಶ್ನೆಗಳು), ನಮ್ಮ ಕಡೆ ಸಾಕ್ಷಿ, ಅವರ ಕಡೆ ಪಾಟಿ ಸವಾಲು, ವಾದ. ಉದಾಹರಣೆಗೆ ಒಟ್ಟು 60,000 ಅಂತ ಒಪ್ಪಿದಿರಿ ಅಂದುಕೊಳ್ಳಿ (ಲೆಕ್ಕ ತೋರಿಸೋಕೆ ಅಷ್ಟೆ, ಇದು ದರಪಟ್ಟಿ ಅಲ್ಲ). ದಾಖಲು ಮಾಡುವಾಗ 15,000, ಮಧ್ಯಂತರ ಜೀವನಾಂಶದ ಆದೇಶ ಆದಾಗ 10,000, ನಮ್ಮ ಸಾಕ್ಷಿ ಮುಗಿದಾಗ 15,000, ಅವರ ಪಾಟಿ ಸವಾಲು ಮುಗಿದಾಗ 10,000, ವಾದಕ್ಕೆ 10,000. ಮಧ್ಯಸ್ಥಿಕೆಯಲ್ಲೇ ರಾಜಿ ಆಗಿಬಿಟ್ಟರೆ ಎಷ್ಟು ಅನ್ನೋದನ್ನೂ ಅವತ್ತೇ ಬರೆಸಿ. ಅರ್ಧಕ್ಕರ್ಧ ಜಗಳ ಬರೋದು ಅಲ್ಲೇ: ಕಕ್ಷಿದಾರ "ಕೇಸೇ ನಡೀಲಿಲ್ವಲ್ಲ" ಅಂತಾನೆ, ವಕೀಲರು "ನಾನೇ ರಾಜಿ ಮಾಡಿಸಿದ್ದು" ಅಂತಾರೆ.

ಇನ್ನು ಆ ಮೊತ್ತದಲ್ಲಿ ಏನೇನು ಸೇರಿಲ್ಲ ಅಂತ ಕೇಳಿ. ಜೀವನಾಂಶದ ಬೇರೆ ಕೇಸು, ಕೌಟುಂಬಿಕ ದೌರ್ಜನ್ಯದ ಅರ್ಜಿ, ಹೈಕೋರ್ಟಿನ ವರ್ಗಾವಣೆ, ಆದೇಶ ಆದಮೇಲೆ ದುಡ್ಡು ವಸೂಲಿಯ ಅರ್ಜಿ, ಇವೆಲ್ಲ ಸಾಮಾನ್ಯವಾಗಿ ಹೊರಗೇ ಇರುತ್ತೆ. ಎಂ.ಸಿ. ಅರ್ಜಿಯ ಕೋರ್ಟ್ ಶುಲ್ಕ ಸಣ್ಣದು, ವಕಾಲತ್ತಿನ ಮೇಲಿನ ಕಲ್ಯಾಣ ನಿಧಿ ಸ್ಟ್ಯಾಂಪೂ ಸಣ್ಣದು. "ಕೋರ್ಟ್ ಖರ್ಚು" ಅಂತ ದೊಡ್ಡ ಮೊತ್ತ ಕೇಳಿದರೆ ಚೀಟಿ ಕೇಳಿ.

ಕಟ್ಟೆಮೇಲೆ
ದುಡ್ಡು ವಕೀಲರ ಖಾತೆಗೇ ಹಾಕಿ. ಗುಮಾಸ್ತರ ಫೋನ್‌ಪೇಗೆ ಬೇಡ. ಆಮೇಲೆ ಅವರು ಕೊಟ್ಟಿಲ್ಲ ಅಂತಾರೆ, ಇವರು ಕೊಟ್ಟೆ ಅಂತಾರೆ.

ಆಸರೆ_181
ಫೀಸಿನ ಮಾತು ಬಂತಲ್ಲ, ಎರಡು ವಿಷಯ ಯಾರೂ ಹೇಳಲೇ ಇಲ್ಲ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂನಲ್ಲಿ ಮಧ್ಯಂತರ ಜೀವನಾಂಶದ ಜೊತೆಗೇ ವ್ಯಾಜ್ಯದ ಖರ್ಚನ್ನೂ ಕೇಳಬಹುದು. ನೋಟಿಸ್ ಜಾರಿಯಾದ ದಿನದಿಂದ ಆದಷ್ಟು 60 ದಿನದೊಳಗೆ ತೀರ್ಮಾನ ಮಾಡಬೇಕು ಅಂತ ಕಾಯ್ದೆಯಲ್ಲೇ ಇದೆ. ಎಷ್ಟೋ ಅರ್ಜಿಗಳಲ್ಲಿ ತಿಂಗಳಿನ ಮೊತ್ತ ಮಾತ್ರ ಬರೆದು ವ್ಯಾಜ್ಯದ ಖರ್ಚಿನ ಸಾಲನ್ನೇ ಬಿಟ್ಟಿರ್ತಾರೆ.

ಎರಡನೇದು, ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗ್ತಾರೆ, ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ, ಅಂಗವಿಕಲರಿಗೂ ಹಾಗೇ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಒಂದು ಅರ್ಜಿ, ಆಧಾರ್ ಪ್ರತಿ, ಇರೋ ದಾಖಲೆಗಳ ಜೆರಾಕ್ಸ್ ಕೊಡಬೇಕು. ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳ್ತಾರೆ. ಪ್ಯಾನೆಲ್ ವಕೀಲರು ಸರಿ ಹೋಗಲಿಲ್ಲ ಅಂದರೆ ಕಾರಣ ಬರೆದುಕೊಟ್ಟು ಬದಲಾಯಿಸಿಕೊಳ್ಳಬಹುದು. ಅವರು ದುಡ್ಡು ಕೇಳೋ ಹಾಗಿಲ್ಲ, ಕೇಳಿದರೆ ಪ್ರಾಧಿಕಾರದ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೊಡಿ.

ಹೊಡೆತ ಬಡಿತ ಇದ್ದ ಕೇಸಾದರೆ ವಕೀಲರಿಗಿಂತ ಮೊದಲು ಸಂರಕ್ಷಣಾಧಿಕಾರಿ. ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಆ ಹೊಣೆ ಕೊಟ್ಟಿದಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅಡಿ ಅವರು ಬರೆಯೋ ಕೌಟುಂಬಿಕ ಘಟನಾ ವರದಿ ಆಮೇಲೆ ಯಾವ ವಕೀಲರು ಬಂದರೂ ಕೆಲಸಕ್ಕೆ ಬರುತ್ತೆ.

ಒಣಗಿದ_ಬಾಳೆಎಲೆ
ಪುಕ್ಕಟೆ ಲಾಯರ್ ಅಂದರೆ ಪುಕ್ಕಟೆ ಕೆಲಸವೇ.

ಆಸರೆ_181
ಅದೇ ವಕೀಲರು ಹೊರಗೆ ಫೀಸು ತಗೊಂಡು ಕೇಸು ನಡೆಸ್ತಿರ್ತಾರೆ ಸರ್. ಮೇಲೆ ಶಿರಸ್ತೇದಾರ್ ಸರ್ ಹೇಳಿದ ಹಾಗೆ ಇವರ ಹೆಸರನ್ನೂ ಇ-ಕೋರ್ಟ್ಸಲ್ಲಿ ನೋಡಿ, ಆಮೇಲೆ ಮಾತಾಡಿ.

ಕಾಫಿ_ಲೆಕ್ಕ
ತೋಟ ಇದೆ ಅಂದಿರಿ. ವಕೀಲರನ್ನ ಅಳೆಯೋಕೆ ಈ ಕೇಸಲ್ಲಿ ಇದಕ್ಕಿಂತ ಒಳ್ಳೇ ಅಳತೆಗೋಲಿಲ್ಲ. "ಆದಾಯ ತೆರಿಗೆ ರಿಟರ್ನ್ಸ್ ತರಿಸಿದರೆ ಆಯ್ತು" ಅನ್ನೋ ವಕೀಲರಿಗೆ ಕಾಫಿ ಗೊತ್ತಿಲ್ಲ. ಹಸಿಹಣ್ಣೋ, ಒಣಗಿಸಿದ ಚೆರಿಯೋ, ಪಾರ್ಚ್‌ಮೆಂಟೋ (ತೊಳೆದು ಒಣಗಿಸಿದ ಬೀಜ) ಮಾರೋ ಬೆಳೆಗಾರನಿಗೆ ಅದು ಕೃಷಿ ಆದಾಯ, ತೆರಿಗೆ ಇಲ್ಲ. ಬೆಳೆದವನೇ ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು) ಮಾಡಿಸಿ ಮಾರಿದರೆ 1962ರ ಆದಾಯ ತೆರಿಗೆ ನಿಯಮಗಳ 7ಬಿ ಪ್ರಕಾರ ನೂರಕ್ಕೆ 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ 40 ಭಾಗ ತೆರಿಗೆಗೆ ಬರುತ್ತೆ ಅಂತ ನಡೆದುಕೊಂಡು ಬಂದಿದೆ. ಹಾಗಾಗಿ ರಿಟರ್ನ್ಸಲ್ಲಿ ಸಂಬಳ ಕಾಣುತ್ತೆ, ತೋಟ ಸರಿಯಾಗಿ ಕಾಣಲ್ಲ.

ನೋಡಬೇಕಾದ್ದು ಪಹಣಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ತೆಗೀಬಹುದು. ಕಾಲಂ 9ರಲ್ಲಿ ಖಾತೆದಾರರ ಹೆಸರು, 10ರಲ್ಲಿ ಅದು ಹೇಗೆ ಬಂತು. ಆ 10ನೇ ಕಾಲಂನ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರ್ ಹಿಡಿದು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ಪ್ರತಿ ತೆಗೆಸಿದರೆ ಪೌತಿ ಖಾತೆಯಾ (ಸತ್ತವರಿಂದ ವಾರಸುದಾರರಿಗೆ ಬಂದಿದ್ದಾ), ವಿಭಾಗವಾ, ಕ್ರಯವಾ ಗೊತ್ತಾಗುತ್ತೆ. ಮಾವ ಸ್ವಂತ ದುಡ್ಡಲ್ಲಿ ಕೊಂಡಿದ್ದರೆ ಅವರು ಇರೋತನಕ ಮಗನಿಗೆ ಅದರಲ್ಲಿ ಹಕ್ಕಿಲ್ಲ, ಸೊಸೆಗಂತೂ ಇಲ್ಲವೇ ಇಲ್ಲ. ಪಿತ್ರಾರ್ಜಿತ ಅಂತ ತೋರಿಸೋಕೆ ಆದರೆ ಮಗನ ಪಾಲಿನ ಮಾತು ಬರುತ್ತೆ, ಜೀವನಾಂಶ ಗೊತ್ತು ಮಾಡುವಾಗ ಅದು ಲೆಕ್ಕಕ್ಕೆ ಬರುತ್ತೆ.

ಕಾಲಂ 11 ಬಿಡಬೇಡಿ. ಬ್ಯಾಂಕಿನ, ಸೊಸೈಟಿಯ ಸಾಲ ಅಲ್ಲಿ ಕೂತಿರುತ್ತೆ. ಬೆಳೆಸಾಲ ಕೊಟ್ಟ ಬ್ಯಾಂಕು ಎಷ್ಟು ಎಕರೆ, ಅರೇಬಿಕಾನೋ ರೋಬಸ್ಟಾನೋ ಅಂತ ನೋಡಿಯೇ ಕೊಟ್ಟಿರುತ್ತೆ. ಸಾಲದ ಅರ್ಜಿಯಲ್ಲಿ ಆದಾಯ ಜಾಸ್ತಿ ಬರೆದಿರ್ತಾರೆ, ಕೋರ್ಟಲ್ಲಿ ಕಮ್ಮಿ ಬರೀತಾರೆ! ಆ ಕಡತ ತರಿಸಿದರೆ ಪಾಟಿ ಸವಾಲಿಗೆ ಬೇರೇನೂ ಬೇಡ. ಜೊತೆಗೆ ವ್ಯಾಪಾರಿಯ ಬಿಲ್ಲು (50 ಕೆ.ಜಿ. ಚೀಲದ ಲೆಕ್ಕದಲ್ಲಿರುತ್ತೆ), ಕ್ಯೂರಿಂಗ್ ವರ್ಕ್ಸಿನ ಔಟ್‌ಟರ್ನ್ ಚೀಟಿ (ಕೊಟ್ಟ ಕಾಫಿಯಿಂದ ಎಷ್ಟು ಬೀಜ ಬಂತು ಅನ್ನೋ ಲೆಕ್ಕ). ಮೆಣಸು, ಸಿಲ್ವರ್ ಮರ ಮಾರಿದ್ದು ಬೇರೆ.

ಕಪ್ಪುಕೋಟು
ಇದಕ್ಕೆ ಕಾನೂನಿನ ಹಿಡಿ 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪು. ಜೀವನಾಂಶದ ಯಾವುದೇ ಅರ್ಜಿಯಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಕೊಡಲೇಬೇಕು. ತೀರ್ಪಿನ ಜೊತೆಗೆ ನಮೂನೆಗಳೇ ಇವೆ, ಕೃಷಿಕರಿಗೆ ಬೇರೆ ನಮೂನೆ. ಸಂಬಳದಾರನಾಗಿದ್ದು ತೋಟದಿಂದಲೂ ಆದಾಯ ಇರೋನು ಸಂಬಳದ ನಮೂನೆ ಮಾತ್ರ ತುಂಬಿ ಕೈ ತೊಳ್ಕೊಳ್ಳೋಕೆ ನೋಡ್ತಾನೆ. ನಿಮ್ಮ ವಕೀಲರು ಅದಕ್ಕೆ ಆಕ್ಷೇಪ ಎತ್ತಬೇಕು, ದಾಖಲೆ ಹಾಜರುಪಡಿಸೋಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11ರ ಅಡಿ ಅರ್ಜಿ ಹಾಕಬೇಕು. ಇನ್ನೊಂದು, ಅದೇ ತೀರ್ಪಿನ ಪ್ರಕಾರ ಜೀವನಾಂಶ ಸಿಗೋದು ಅರ್ಜಿ ಹಾಕಿದ ತಾರೀಖಿನಿಂದ. "ರಾಜಿ ಮಾತು ನಡೀತಿದೆ, ಅರ್ಜಿ ಆಮೇಲೆ ಹಾಕೋಣ" ಅಂತ ಆರು ತಿಂಗಳು ತಳ್ಳಿದರೆ ಆ ಆರು ತಿಂಗಳು ಹೋಯ್ತು.

ನಿಮ್ಮ ತಂಗಿಯೂ ಅದೇ ಪ್ರಮಾಣಪತ್ರ ಕೊಡಬೇಕು. ಟ್ಯೂಷನ್ ಹೇಳಿಕೊಡ್ತಿದ್ದರೆ, ಅಪ್ಪ ಕೊಟ್ಟ ಎಫ್.ಡಿ. ಇದ್ದರೆ ಮುಚ್ಚಿಡೋದು ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್ ಹೊರಗೆ ಬಂದ ದಿನ ಇಡೀ ಕೇಸಿನ ಮರ್ಯಾದೆ ಹೋಗುತ್ತೆ. ಇದನ್ನ ಮೊದಲ ದಿನವೇ ಖಾರವಾಗಿ ಹೇಳೋ ವಕೀಲರು ಒಳ್ಳೆಯವರು. "ಅದೆಲ್ಲ ತೋರಿಸೋದು ಬೇಡಮ್ಮ" ಅನ್ನೋರಿಂದ ದೂರ ಇರಿ.

ಯಗಚಿ_ದಂಡೆ
ಇಷ್ಟೆಲ್ಲ ಓದಿ ತಲೆ ತಿರುಗ್ತಿದೆ, ಆದರೂ ಉಪಕಾರ ಆಯ್ತು. ಒಪ್ಪಿಗೆಯಲ್ಲೇ ಮುಗಿಯೋದಾದರೆ ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಅಂತ ಅವರ ಕಡೆಯವರು ಹೇಳ್ತಿದಾರೆ. ಖರ್ಚು ಉಳಿಯುತ್ತೆ ಅಂತ.

ನಿವೃತ್ತ_ಶಿರಸ್ತೇದಾರ್
ಒಪ್ಪಿಗೆ ಕೇಸಲ್ಲಿ ಒಬ್ಬರೇ ವಕೀಲರು ಇರೋದು ಸಾಮಾನ್ಯ. ಎಲ್ಲ ತೀರ್ಮಾನ ಆಗಿದ್ದರೆ ತೊಂದರೆ ಇಲ್ಲ.

ಕಪ್ಪುಕೋಟು
ಇಲ್ಲಿ ನಾನು ಶಿರಸ್ತೇದಾರ್ ಸರ್ ಮಾತನ್ನ ಒಪ್ಪಲ್ಲ. ಮಗು ಇದೆ, ತೋಟ ಇದೆ, ದುಡ್ಡಿನ ಮಾತು ಇನ್ನೂ ಮುರಿದು ಬೀಳ್ತಿದೆ ಅಂತ ಅವರೇ ಬರೆದಿದಾರೆ. ಒಬ್ಬರೇ ವಕೀಲರಾದರೆ ಅವರು ಯಾರು ಫೀಸು ಕೊಟ್ಟರೋ ಅವರ ವಕೀಲರು. ಕರಾರು ಬರೆಯೋರು ಒಬ್ಬರಾದರೂ ಸರಿ, ಸಹಿ ಹಾಕೋಕೆ ಮುಂಚೆ ತಂಗಿಯ ಕಡೆಯಿಂದ ಇನ್ನೊಬ್ಬ ವಕೀಲರು ಓದಲಿ. ಸಲಹೆ ಫೀಸು ಕೊಟ್ಟು ಓದಿಸಿದರೆ ಸಾಕು.

ನಿವೃತ್ತ_ಶಿರಸ್ತೇದಾರ್
ಆ ಮಟ್ಟಿಗೆ ಸರಿ. ಕರಾರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗೋದು ಯಾವುದು ಅಂತ ಹೇಳಿಬಿಡ್ತೀನಿ, ಯಾರು ಓದಿದರೂ ಇವು ಇವೆಯಾ ನೋಡಿ.

ದುಡ್ಡು ಯಾವಾಗ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ (ಒಪ್ಪಿಗೆ ವಿಚ್ಛೇದನ) ಅಡಿ ಎರಡು ಸಲ ಕೋರ್ಟಿಗೆ ಬರಬೇಕು. ಮೊದಲ ಸಲ ಅರ್ಜಿ, ಆರು ತಿಂಗಳ ಮೇಲೆ ಹದಿನೆಂಟು ತಿಂಗಳೊಳಗೆ ಎರಡನೇ ಸಲ. ಡಿಕ್ರಿ (ವಿಚ್ಛೇದನದ ಅಂತಿಮ ಆದೇಶ) ಆಗೋವರೆಗೂ ಯಾರು ಬೇಕಾದರೂ ಒಪ್ಪಿಗೆ ವಾಪಸು ತಗೊಳ್ಳಬಹುದು ಅಂತ 1991ರ ಸುರೇಷ್ಟಾ ದೇವಿ ತೀರ್ಪಿದೆ. ಪೂರ್ತಿ ದುಡ್ಡು ಮೊದಲೇ ಕೊಟ್ಟರೆ ಕೊಟ್ಟವರಿಗೆ ಭಯ, ಪೂರ್ತಿ ಆಮೇಲೆ ಅಂದರೆ ತಗೊಳ್ಳೋರಿಗೆ ಭಯ. ಅದಕ್ಕೇ ಒಂದು ಭಾಗ ಮೊದಲ ಸಲ, ಉಳಿದದ್ದು ಎರಡನೇ ಸಲ ಕೋರ್ಟ್ ಎದುರೇ ಡಿ.ಡಿ. ಮೂಲಕ ಅಂತ ಬರೆಸಬೇಕು. ಡಿ.ಡಿ. ನಂಬರು, ಬ್ಯಾಂಕು, ತಾರೀಖು ಆದೇಶದಲ್ಲಿ ಬರಲಿ. ಮುಂದಿನ ತಾರೀಖಿನ ಚೆಕ್ ಒಪ್ಪಬೇಡಿ.

ಚಿನ್ನ. "ಒಡವೆಗಳನ್ನು ಹಿಂದಿರುಗಿಸಲಾಗಿದೆ" ಅಂತ ಒಂದೇ ಸಾಲು ಬೇಡ. ಯಾವ ಒಡವೆ, ಎಷ್ಟು ಗ್ರಾಂ, ಅಂದಾಜಾ ತೂಕ ಹಾಕಿದ್ದಾ, ಯಾವತ್ತು ಯಾರ ಎದುರು ಕೊಟ್ಟಿದ್ದು ಅಂತ ಪಟ್ಟಿ ಇರಲಿ. ಮದುವೆಯ ಫೋಟೋ, ಅಂಗಡಿ ಬಿಲ್ಲು ಪಟ್ಟಿಗೆ ಆಧಾರ.

ಮಗು. ಪಾಲನೆ ಯಾರಿಗೆ ಅಂತ ಬರೆದು ಭೇಟಿ ಬಗ್ಗೆ "ಪರಸ್ಪರ ಒಪ್ಪಿಗೆಯಂತೆ" ಅಂತ ಬಿಟ್ಟರೆ ಮೊದಲ ಬೇಸಿಗೆ ರಜೆಗೇ ಜಗಳ. ಯಾವ ಶನಿವಾರ, ಎಷ್ಟು ಗಂಟೆ, ಎಲ್ಲಿ ಕರೆದುಕೊಂಡು ಹೋಗೋದು, ದಸರಾ ರಜೆ ಯಾರ ಹತ್ತಿರ, ಪಾಸ್‌ಪೋರ್ಟಿಗೆ ಯಾರ ಸಹಿ, ಬರೆಸಿ. ಇನ್ನು "ಮಗುವಿನ ಜೀವನಾಂಶವನ್ನೂ ಬಿಟ್ಟುಕೊಟ್ಟಿದ್ದೇನೆ" ಅನ್ನೋ ಸಾಲಿದ್ದರೆ ಹೊಡೆದುಹಾಕಿ. ಅದು ಮಗುವಿನ ಹಕ್ಕು, ತಾಯಿ ಬರೆದುಕೊಡೋಕೆ ಬರಲ್ಲ.

ಬಾಕಿ ಕೇಸುಗಳು. ಇದು ತುಂಬಾ ಮುಖ್ಯ. ಹೆಂಡತಿಗೆ ಗಂಡನ ಮನೆಯವರ ಕ್ರೌರ್ಯದ ಕ್ರಿಮಿನಲ್ ಕೇಸು, ಹಿಂದಿನ 498ಎ, ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, ಇಬ್ಬರೂ ಒಪ್ಪಿದರೂ ಕೆಳ ಕೋರ್ಟಲ್ಲಿ ರಾಜಿ ಆಗಲ್ಲ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು (ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482, ಈಗ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಂ). ಆ ಅರ್ಜಿ ಯಾರು ಹಾಕೋದು, ಖರ್ಚು ಯಾರದು, ಎಷ್ಟು ದಿನದೊಳಗೆ ಹೆಂಡತಿ ಒಪ್ಪಿಗೆಯ ಪ್ರಮಾಣಪತ್ರ ಕೊಡಬೇಕು ಅಂತ ಕರಾರಲ್ಲಿ ಇಲ್ಲದಿದ್ದರೆ, ವಿಚ್ಛೇದನ ಆಗಿ ಎರಡು ವರ್ಷ ಆದಮೇಲೂ ಮಾವನಿಗೆ ಸಮನ್ಸ್ ಬರ್ತಾನೇ ಇರುತ್ತೆ.

ಮೂಡಿಗೆರೆ_ಮಳೆ
ಆರು ತಿಂಗಳು ಕಾಯೋದು ಈಗ ಬೇಡ ಅಂತಾರಲ್ಲ?

ಕಪ್ಪುಕೋಟು
ತಾನಾಗಿಯೇ ಹೋಗಲ್ಲ. 2017ರ ಅಮರದೀಪ್ ಸಿಂಗ್ ತೀರ್ಪಿನ ಪ್ರಕಾರ ಕೋರ್ಟು ಮನ್ನಾ ಮಾಡಬಹುದು. ಮೊದಲ ಅರ್ಜಿಗೆ ಮುಂಚೆಯೇ ಬೇರೆ ಇದ್ದು ಒಂದೂವರೆ ವರ್ಷ ಆಗಿರಬೇಕು (ಕಾಯ್ದೆಯ ಒಂದು ವರ್ಷ, ಅದರ ಮೇಲೆ ಈ ಆರು ತಿಂಗಳು), ಮಧ್ಯಸ್ಥಿಕೆ ವಿಫಲ ಆಗಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ನಿಜವಾಗಿಯೂ ತೀರ್ಮಾನ ಆಗಿರಬೇಕು, ಕಾಯೋದರಿಂದ ನೋವು ಹೆಚ್ಚೋದು ಬಿಟ್ಟರೆ ಬೇರೇನೂ ಇರಬಾರದು. ಮೊದಲ ಅರ್ಜಿ ಆಗಿ ಒಂದು ವಾರದ ಮೇಲೆ ಮನ್ನಾ ಅರ್ಜಿ ಹಾಕಬಹುದು. ತಂಗಿ ಬೇರೆ ಬಂದ ತಾರೀಖಿಗೆ ಏನಾದರೂ ಆಧಾರ ಇಟ್ಟುಕೊಳ್ಳಿ, ಮಗುವಿನ ಹಾಸನದ ಶಾಲೆಯ ದಾಖಲಾತಿ ಆದರೂ ಸರಿ. ಒಂದೂವರೆ ವರ್ಷಕ್ಕೆ ಹತ್ತು ದಿನ ಕಮ್ಮಿ ಇದ್ದರೆ ಹತ್ತು ದಿನ ತಡೆದು ಹಾಕಿ.

"ಹದಿನೈದು ದಿನಕ್ಕೆ ಡೈವೋರ್ಸ್ ಗ್ಯಾರಂಟಿ" ಅನ್ನೋರು ಈ ನಾಲ್ಕು ಷರತ್ತಿನ ಬಗ್ಗೆ ಬಾಯೇ ಬಿಡಲ್ಲ.

ಚರ್ಚ್_ರಸ್ತೆ
ಎಲ್ಲರೂ ಹಿಂದೂ ಕಾಯ್ದೆಯನ್ನೇ ಹೇಳ್ತಿದೀರಿ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ 10ಎ. ಅದರಲ್ಲಿ ಎರಡು ವರ್ಷ ಬೇರೆ ಇರಬೇಕು ಅಂತ ಅಚ್ಚಾಗಿದೆ, ಕರ್ನಾಟಕ ಹೈಕೋರ್ಟು ಅದನ್ನ ಒಂದು ವರ್ಷ ಅಂತಲೇ ಓದಬೇಕು ಅಂದಿದೆ. ರಿಜಿಸ್ಟ್ರಾರ್ ಹತ್ತಿರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆ ಆದವರಿಗೆ 1954ರ ಕಾಯ್ದೆಯ 28ನೇ ಕಲಂ. ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಮದುವೆ ಪ್ರಮಾಣಪತ್ರ ನೋಡದೆ ಅರ್ಜಿ ಟೈಪ್ ಮಾಡೋಕೆ ಹೇಳಿದ ವಕೀಲರನ್ನ ಅಲ್ಲಿಗೇ ಬಿಡಿ.

ಕಟ್ಟೆಮೇಲೆ
ಊರಲ್ಲಿ ಪಂಚಾಯ್ತಿ ಸೇರಿಸಿ 200 ರೂಪಾಯಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆದು ನೋಟರಿ ಮಾಡಿಸಿದರೆ ಸಾಲದಾ?

ಕಪ್ಪುಕೋಟು
ಸಾಲದು. ಸಮುದಾಯದಲ್ಲಿ ಹಿಂದಿನಿಂದ ನಡೆದು ಬಂದ ರೂಢಿ ಅಂತ ಸಾಬೀತಾದರೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಅದನ್ನ ಕಾಪಾಡುತ್ತೆ, ಸಾಬೀತು ಮಾಡೋದು ಬಲು ಕಷ್ಟ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಮದುವೆ ಮುರಿಯಲ್ಲ. ಅದನ್ನ ನಂಬಿ ಇನ್ನೊಂದು ಮದುವೆ ಆದರೆ ದ್ವಿಪತ್ನಿತ್ವದ ಕೇಸು.

ಯಗಚಿ_ದಂಡೆ
ವಕಾಲತ್ತಿಗೆ ಸಹಿ ಹಾಕುವಾಗ? ಒಂದು ಕಡೆ ನಾಲ್ಕೈದು ಖಾಲಿ ಹಾಳೆಗೂ ಹಾಕಿ ಅಂದರು.

ನಿವೃತ್ತ_ಶಿರಸ್ತೇದಾರ್
ವಕಾಲತ್ತಿಗೆ ಹಾಕಿ, ಖಾಲಿ ಹಾಳೆಗೆ ಖಂಡಿತ ಬೇಡ. "ಪದೇ ಪದೇ ಬರೋದು ತಪ್ಪುತ್ತೆ" ಅಂತಾರೆ. ಆ ಹಾಳೆ ಮೇಲೆ ನಾಳೆ ಮೆಮೋ ಬರಬಹುದು, ರಾಜಿ ಅರ್ಜಿಯೂ ಬರಬಹುದು. ವಕಾಲತ್ತಿನಲ್ಲಿ ಅಚ್ಚಾದ ಸಾಲುಗಳನ್ನ ಓದಿ: ರಾಜಿ ಮಾಡಿಕೊಳ್ಳೋಕೆ, ಹಣ ಪಡೆಯೋಕೆ ವಕೀಲರಿಗೆ ಅಧಿಕಾರ ಅಂತ ಇರುತ್ತೆ. ಹಣ ಪಡೆಯೋ ಸಾಲನ್ನ ಹೊಡೆದು ಪಕ್ಕದಲ್ಲಿ ಸಹಿ ಹಾಕೋಕೆ ನಿಮಗೆ ಹಕ್ಕಿದೆ.

ಅರ್ಜಿ ಇಂಗ್ಲಿಷಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಂಡೇ ಸಹಿ ಹಾಕಬೇಕು. ಜಿಲ್ಲೆಯ ಕೋರ್ಟುಗಳ ಭಾಷೆ ಕನ್ನಡ, ಕನ್ನಡದಲ್ಲೇ ಬರೆಸಿ ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಅರ್ಜಿಯಲ್ಲಿ ಇಲ್ಲದ್ದನ್ನ ಸಾಕ್ಷಿ ಹೇಳುವಾಗ ಸೇರಿಸೋಕೆ ಬಿಡಲ್ಲ. "ಕಿರುಕುಳ ಕೊಡುತ್ತಿದ್ದರು" ಅಂತ ಬರೆದರೆ ಸಾಲದು: ಯಾವ ತಿಂಗಳು, ಯಾವ ಮನೆ, ಯಾರಿದ್ದರು. ಬೇರೆ ಯಾರದೋ ಅರ್ಜಿಯ ಪ್ಯಾರಾಗಳನ್ನ ಅಂಟಿಸಿ ಹೆಸರು ಮಾತ್ರ ಬದಲಾಯಿಸಿದ್ದು ಪಾಟಿ ಸವಾಲಲ್ಲಿ ಸಿಕ್ಕಿಬೀಳುತ್ತೆ.

ಕಪ್ಪುಕೋಟು
ವಾಟ್ಸ್ಆ್ಯಪ್ ಮೆಸೇಜು ಇದ್ದರೆ ಸ್ಕ್ರೀನ್‌ಶಾಟ್ ಪ್ರಿಂಟು ಸಾಲಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63(4) ಕಲಂ ಪ್ರಮಾಣಪತ್ರ ಬೇಕು, ಎರಡು ಭಾಗ: ಒಂದು ಫೋನಿನ ವಾರಸುದಾರರು ಕೊಡೋದು, ಇನ್ನೊಂದು ತಜ್ಞರು ಕೊಡೋದು, ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಅಂತ ತೋರಿಸೋ ಗುರುತು) ಸಮೇತ. ಹಳೇ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ಈಗಲೂ ಹಾಕ್ತಿರೋ ವಕೀಲರಿದಾರೆ. ಗಂಡ ಹೆಂಡತಿ ನಡುವಿನ ಫೋನ್ ರೆಕಾರ್ಡಿಂಗನ್ನ ಸಾಕ್ಷಿಯಾಗಿ ತಗೊಳ್ಳಬಹುದು ಅಂತ 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಳೇ ಫೋನನ್ನ ಮಾರಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ.

ಅರಸೀಕೆರೆ_ಜಂಕ್ಷನ್
ಗೊತ್ತು ಮಾಡಿದ ಮೇಲೆ ವಕೀಲರು ಸರಿ ಬರಲಿಲ್ಲ ಅಂದರೆ?

ಕಪ್ಪುಕೋಟು
ಬದಲಾಯಿಸಬಹುದು. ಹೊಸ ವಕಾಲತ್ತಿನ ಮೇಲೆ ಹಳೇ ವಕೀಲರ ನಿರಾಕ್ಷೇಪಣಾ ಸಹಿ ಬೇಕು. ಕೊಡಲ್ಲ ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 3, ನಿಯಮ 4ರ ಅಡಿ ಕೋರ್ಟಿನ ಅನುಮತಿ ಕೇಳಿ. "ಬಾಕಿ ಫೀಸು ಕೊಡೋವರೆಗೂ ಫೈಲ್ ಕೊಡಲ್ಲ" ಅನ್ನೋಕೆ ಬರಲ್ಲ, 2000ದ ಆರ್.ಡಿ. ಸಕ್ಸೇನಾ ತೀರ್ಪು ಅದನ್ನ ದುರ್ನಡತೆ ಅಂದಿದೆ. ದೂರು ಕೊಡೋದು ರಾಜ್ಯ ವಕೀಲರ ಪರಿಷತ್ತಿಗೆ, 1961ರ ವಕೀಲರ ಕಾಯ್ದೆಯ 35ನೇ ಕಲಂ. ಗ್ರಾಹಕರ ನ್ಯಾಯಾಲಯಕ್ಕೆ ಹೋಗೋ ದಾರಿ 2024ರ ಮೇ ತಿಂಗಳಲ್ಲಿ ಮುಚ್ಚಿತು. ಪಾಟಿ ಸವಾಲು ಅರ್ಧ ಆಗಿರುವಾಗ ಮಾತ್ರ ಬದಲಾಯಿಸಬೇಡಿ, ಅದು ಮುಗಿದ ತಾರೀಖು ನೋಡಿ ಬದಲಾಯಿಸಿ.

ಮೂಲ ದಾಖಲೆಗಳನ್ನ ಮೊದಲ ದಿನವೇ ಕೊಟ್ಟುಬಿಡಬೇಡಿ. ಜೆರಾಕ್ಸ್ ಕೊಡಿ, ಮೂಲ ಪ್ರತಿ ಸಾಕ್ಷಿಯ ದಿನ ಸಾಕು. ಸಿ.ಎನ್.ಆರ್. ನಂಬರನ್ನ (ಇ-ಕೋರ್ಟ್ಸಲ್ಲಿ ಕೇಸಿನ ಗುರುತಿನ ಸಂಖ್ಯೆ) ಕೇಸು ದಾಖಲಾದ ದಿನವೇ ಕೇಳಿ ತಗೊಳ್ಳಿ, 16 ಅಕ್ಷರ ಇರುತ್ತೆ. ತಾರೀಖು, ಹಂತ ನೀವೇ ಫೋನಲ್ಲಿ ನೋಡಬಹುದು. "ಡೇಟ್ ಯಾವತ್ತು ಸರ್" ಅಂತ ಗುಮಾಸ್ತರ ಹಿಂದೆ ಓಡಾಡೋದು ತಪ್ಪುತ್ತೆ.

ಯಗಚಿ_ದಂಡೆ
ಈ ವಾರ ಇಬ್ಬರನ್ನ ನೋಡ್ತೀವಿ, ಎದುರು ಕಡೆಯವರ ಮನೆತನದ ಹೆಸರು ಮೊದಲೇ ಹೇಳಿ. ಡಿಕ್ರಿ ಆದಮೇಲೆ ಏನಾದರೂ ಬಾಕಿ ಇರುತ್ತಾ?

ನಿವೃತ್ತ_ಶಿರಸ್ತೇದಾರ್
ಒಪ್ಪಿಗೆ ಡಿಕ್ರಿಗೆ ಮೇಲ್ಮನವಿ ಇಲ್ಲ. ವಿಚಾರಣೆ ನಡೆದು ಆದ ಡಿಕ್ರಿಯಾದರೆ ಹಿಂದೂ ವಿವಾಹ ಕಾಯ್ದೆಯ 28ನೇ ಕಲಂನಲ್ಲಿ 90 ದಿನ, ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19ನೇ ಕಲಂನಲ್ಲಿ 30 ದಿನ ಅಂತ ಇದೆ. ಮರುಮದುವೆ ಯೋಚನೆ ಇದ್ದರೆ 90 ದಾಟಿಸಿ, ಹೈಕೋರ್ಟಲ್ಲಿ ಏನೂ ದಾಖಲಾಗಿಲ್ಲ ಅಂತ ನೋಡಿಕೊಂಡೇ ಮುಂದುವರೀರಿ. ಡಿಕ್ರಿಯ ಒಂದು ಪ್ರತಿಯನ್ನ ಇಬ್ಬರಿಗೂ ಉಚಿತವಾಗಿ ಕೊಡಬೇಕು ಅಂತ ಹಿಂದೂ ವಿವಾಹ ಕಾಯ್ದೆಯ 23(4) ಕಲಂ ಹೇಳುತ್ತೆ, ಅದಕ್ಕೆ ದುಡ್ಡು ಕೊಡಬೇಡಿ. ಬ್ಯಾಂಕು, ಪಾಸ್‌ಪೋರ್ಟ್, ಶಾಲೆಗೆ ಅಂತ ಇನ್ನೂ ಎರಡು ಮೂರು ದೃಢೀಕೃತ ಪ್ರತಿ ಬೇಕಾಗುತ್ತೆ, ನಕಲು ಅರ್ಜಿಯನ್ನ ಅದೇ ವಾರ ಹಾಕಿ. ಫೈಲು ರೆಕಾರ್ಡ್ ರೂಮಿಗೆ ಹೋದಮೇಲೆ ಅದನ್ನ ಮತ್ತೆ ಕೆಳಗಿಳಿಸೋಕೆ ವಾರಗಟ್ಟಲೆ ಹಿಡಿಯುತ್ತೆ.